ಸೂಳೆಕೆರೆಯ ಏರಿಯ ಮೇಲೆ ಕಾರ್ಯಪ್ಪನವರ ಮಾತು

ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಸೂಳೆಕೆರೆಯ ಏರಿಗೆ ಹೋಗುವುದು ನಮ್ಮ ಮನೆಯ ರೂಢಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ. ತಿಂದಾದ ಮೇಲೆ ಹೆಂಗಸರು ಶಾಂತವ್ವನ ಕಥೆ ತೆಗೆಯುತ್ತೇವೆ. ಕೆರೆಗೆ ಶಾಂತಿಸಾಗರವೆಂಬ ಹೆಸರು ಬಂದದ್ದು ಅವಳಿಂದ ಎನ್ನುತ್ತಾರೆ. ಕೆರೆಯ ಜಾಗಕ್ಕಾಗಿ ಸೂಳೆಯರ ಕೇರಿಯನ್ನು ಕೇಳಿದಳಂತೆ. ಅವರು ಜಾಗ ಕೊಟ್ಟು, ಕೆರೆಗೆ ನಮ್ಮ ಹೆಸರಿರಲಿ ಎಂದರಂತೆ. ಪಾಠ ಮಾಡುವಾಗ ಆ ಹೆಸರು ಹೇಳಲು ಹೊಸ ಮೇಡಂಗಳು ಈಗಲೂ ತಡವರಿಸುತ್ತಾರೆ. ನಾನು ತಡವರಿಸುವುದಿಲ್ಲ, ಊರಿಗೆಲ್ಲ ನೀರು ಕೊಟ್ಟವರ ಹೆಸರು ಅದು.

ಒಂದು ವರ್ಷ ನಾವು ಹೋದದ್ದು ಜನವರಿ 15ರಂದು. ನಮ್ಮ ಭಾವನವರು, ಎಂದರೆ ಅಕ್ಕನ ಯಜಮಾನರು, ಮಿಲಿಟರಿಯಿಂದ ನಿವೃತ್ತರಾದವರು. ಮೊಮ್ಮಗನಿಗೆ ಎಳ್ಳುಬೆಲ್ಲ ಕೊಡುತ್ತಾ, “ಇವತ್ತು ನಮ್ಮ ಹಬ್ಬವೂ ಹೌದು ಕಣೋ” ಎಂದರು. 1949ರ ಆ ದಿನ ಜನರಲ್ ರಾಯ್ ಬುಚರ್ ಅವರಿಂದ ಭಾರತದ ಸೇನೆಯ ಅಧಿಕಾರ ವಹಿಸಿಕೊಂಡವರು ಕೊಡಗಿನ ಕಾರ್ಯಪ್ಪನವರು. ಆ ಸ್ಥಾನದಲ್ಲಿ ಕುಳಿತ ಮೊದಲ ಭಾರತೀಯ. ಅದಕ್ಕೇ ಅದು ಸೇನಾ ದಿನ.

ಕಾರ್ಯಪ್ಪನವರೆಂದರೆ ನಮ್ಮ ಶಾಲೆಯ ಗೋಡೆಯ ಮೇಲಿನ ಪಟ, ಪೊದೆ ಮೀಸೆ, ಎದೆಯ ತುಂಬ ಪದಕ. ಆ ಪಟದ ಹಿಂದೆ ಒಂದು ಸಂಸಾರವಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹುಟ್ಟಿದ್ದು 1899ರಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯಲ್ಲಿದ್ದರು. ಮನೆಯಲ್ಲಿ ಇವರನ್ನು ಕರೆಯುತ್ತಿದ್ದುದು ಚಿಮ್ಮ ಎಂದು. ಮಡಿಕೇರಿಯಲ್ಲಿ ಹೈಸ್ಕೂಲು, ಮದರಾಸಿನಲ್ಲಿ ಕಾಲೇಜು. ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಭಾರತೀಯರಿಗೂ ಅಧಿಕಾರಿಯಾಗುವ ಬಾಗಿಲು ತುಸು ತೆರೆದಾಗ ಇಂದೋರಿಗೆ ತರಬೇತಿಗೆ ಹೋದರು. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ, ಬೆಟಾಲಿಯನ್ ಒಂದರ ಹೊಣೆ ಹೊತ್ತ ಮೊದಲ ಭಾರತೀಯ. ಮೊದಲ, ಮೊದಲ ಎಂದು ಹೀಗೆ ಬರೆಯುತ್ತಾ ಹೋದರೆ ಅದು ಜನರಲ್ ನಾಲೆಡ್ಜ್ ಪುಸ್ತಕವಾಗುತ್ತದೆ, ಬಿಡೋಣ.

ಮದುವೆಯಾದದ್ದು 1937ರಲ್ಲಿ. ಹುಡುಗಿಯ ಹೆಸರು ಮುತ್ತು ಮಾಚಯ್ಯ, ಅರಣ್ಯಾಧಿಕಾರಿಯೊಬ್ಬರ ಮಗಳು. ಒಂದು ಗಂಡು, ಒಂದು ಹೆಣ್ಣು. 1945ರಲ್ಲಿ ಗಂಡ ಹೆಂಡಿರು ಬೇರೆಯಾದರು. ಕೋರ್ಟಿನ ವಿಚ್ಛೇದನವೇನೂ ಆಗಲಿಲ್ಲ. ಮೂರು ವರ್ಷ ಕಳೆದು ಮುತ್ತು ಅವರು ಅಪಘಾತವೊಂದರಲ್ಲಿ ತೀರಿಕೊಂಡರು. ತಪ್ಪು ಯಾರದೆಂದು ಹುಡುಕುವುದು ನನ್ನ ಕೆಲಸವಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಅದು ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿದ್ದ ಕಾಲ, ಪಶ್ಚಿಮದ ಸೇನಾ ವಿಭಾಗ ಇವರ ಕೈಯಲ್ಲಿತ್ತು. ಮುಂದಿನ ಜನವರಿಯಲ್ಲಿ ಇಡೀ ದೇಶದ ಸೇನೆಯನ್ನು ಹೆಗಲಿಗೇರಿಸಿಕೊಂಡಾಗ ತಾಯಿಯಿಲ್ಲದ ಮಗನಿಗೆ 11 ವರ್ಷ, ಮಗಳಿಗೆ 6 ತುಂಬಿರಲಿಲ್ಲ. ಹೆಣ್ಣುಮಗಳ ಜಡೆ ಹೆಣೆಯುವವರು ಯಾರಿದ್ದರೋ ಎಂದು ನನ್ನಂಥವಳ ಮನಸ್ಸಿಗೆ ಮೊದಲು ಬರುತ್ತದೆ. ಚರಿತ್ರೆಯ ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ.

ಅಪ್ಪ ಬಲು ಶಿಸ್ತಿನವರು. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಮಿಲಿಟರಿ ಟ್ರಕ್ಕು ಒಂದು ದಿನ ಬರಲಿಲ್ಲವಂತೆ. ಸಹಾಯಕ ಅಧಿಕಾರಿ ಹುಡುಗನನ್ನು ಸರ್ಕಾರಿ ಕಾರಿನಲ್ಲಿ ಕಳಿಸಿದ. ವಿಷಯ ತಿಳಿದ ಕಾರ್ಯಪ್ಪನವರು ಅವನನ್ನು ಗದರಿಸಿ, ಅದರ ಬಿಲ್ಲನ್ನು ತಮ್ಮ ಸ್ವಂತ ಲೆಕ್ಕಕ್ಕೆ ಬರೆಸಿದರಂತೆ. ಮಗನೇ ಮುಂದೆ ಇದನ್ನು ನೆನಪಿಸಿಕೊಂಡಿದ್ದಾರೆ. ಸಾಹೇಬರ ಹಿಂದೂಸ್ತಾನಿ ಮಾತ್ರ ಅಷ್ಟಕ್ಕಷ್ಟೆ. ಸ್ವಾತಂತ್ರ್ಯ ಬಂದಾಗ ಜವಾನರಿಗೆ ‘ನೀವೂ ಸ್ವತಂತ್ರರು, ದೇಶವೂ ಸ್ವತಂತ್ರ’ ಎನ್ನಲು ಹೋಗಿ, ಎಲ್ಲವೂ ‘ಮುಫ್ತ್’ ಎಂದುಬಿಟ್ಟರೆಂದು ಸೇನೆಯಲ್ಲಿ ಇಂದಿಗೂ ಹೇಳಿ ನಗುತ್ತಾರೆ. ಭಾವನವರೂ ನಕ್ಕರು.

1953ರಲ್ಲಿ ನಿವೃತ್ತಿ. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಭಾರತದ ಹೈಕಮಿಷನರ್. ಕೊನೆಗೆ ಮಡಿಕೇರಿಯ ತಮ್ಮ ಮನೆ ‘ರೋಶನಾರಾ’. ಅವರು ಅಲ್ಲಿದ್ದಾಗಲೇ 1965ರ ಯುದ್ಧ ಬಂತು. ಮಗ ನಂದಾ ಕಾರ್ಯಪ್ಪ ವಾಯುಪಡೆಯಲ್ಲಿ ಪೈಲಟ್. ಸೆಪ್ಟೆಂಬರ್ 22ರಂದು, ಯುದ್ಧ ಇನ್ನೇನು ನಿಲ್ಲಬೇಕು ಎನ್ನುವಾಗ, ಅವರ ಹಂಟರ್ ವಿಮಾನಕ್ಕೆ ಪೆಟ್ಟು ಬಿತ್ತು. ಹೊರಗೆ ಹಾರಿಕೊಂಡವರು ಬೆನ್ನಿಗೆ ಏಟು ಮಾಡಿಕೊಂಡು ಪಾಕಿಸ್ತಾನದವರ ಸೆರೆಯಾದರು.

ಅಲ್ಲಿ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಸಾಹೇಬರ ಮಗನೆಂದು ತಿಳಿದಾಗ, ದೆಹಲಿಯ ತಮ್ಮ ಹೈಕಮಿಷನರ್ ಮೂಲಕ ಸುದ್ದಿ ಮುಟ್ಟಿಸಿದರು: ನಿಮ್ಮ ಮಗ ಕ್ಷೇಮ, ಬೇಕಾದರೆ ಬಿಟ್ಟುಕೊಡುತ್ತೇವೆ. ಕಾರ್ಯಪ್ಪನವರು ಒಪ್ಪಲಿಲ್ಲ. ಅವನು ಈಗ ದೇಶದ ಮಗ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎನ್ನುವ ಅರ್ಥದ ಉತ್ತರ ಕೊಟ್ಟರು. ಮಗ ಉಳಿದವರ ಜೊತೆಯಲ್ಲೇ, 1966ರ ಜನವರಿಯಲ್ಲಿ ಹಿಂದಿರುಗಿದರು. ಮುಂದೆ ಏರ್ ಮಾರ್ಷಲ್ ಆದರು.

ಈ ಪಾಠ ಮಾಡಿದಾಗಲೆಲ್ಲ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಾನೂ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಅವತ್ತು ಏರಿಯ ಮೇಲೆ ಇದನ್ನು ಹೇಳಿ ಮುಗಿಸಿದಾಗ ಅಕ್ಕ ಬುತ್ತಿಯ ಡಬ್ಬಿ ಮುಚ್ಚುತ್ತಾ, “ಆ ಹುಡುಗನಿಗೆ ತಾಯಿ ಇರಲಿಲ್ಲವಲ್ಲೇ” ಎಂದಳು. “ಇದ್ದಿದ್ರೆ ಗಂಡನ ಕೈಯಿಂದ ಫೋನು ಕಿತ್ಕೊಂಡು, ಕಳಿಸ್ರಪ್ಪಾ ನನ್ನ ಮಗನ್ನ ಅಂತಿದ್ಲು.”

ಯಾರೂ ಮಾತಾಡಲಿಲ್ಲ. 1999ರಲ್ಲಿ ಭಾವನವರು ಕಾರ್ಗಿಲ್ ಕಡೆ ಇದ್ದಾಗ ಅವಳು ಎರಡು ತಿಂಗಳು ಟಿ.ವಿ. ಮುಂದೆ ಕೂತವಳು. ಸತ್ತವರ ಹೆಸರು ಬರುವಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಮನಿಯಾರ್ಡರಿನ ಚೀಟಿಯಲ್ಲಿ ಅವರ ಕೈಬರಹದ ಎರಡು ಸಾಲನ್ನು ಮಕ್ಕಳಿಂದ ಮತ್ತೆ ಮತ್ತೆ ಓದಿಸುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಭಾವನವರು ಹೇಳಿದರು: “ನೀನು ಹೇಳೋದು ಸರಿ. ಆದ್ರೆ ಆ ಹುಡುಗ ಒಬ್ಬನೇ ಬಂದಿದ್ರೆ, ಅಲ್ಲೇ ಉಳಿದವರ ತಾಯಂದಿರ ಮುಖ ಹೆಂಗೆ ನೋಡ್ತಿದ್ದ?” ಅಕ್ಕ, “ಅದನ್ನ ಅವರಪ್ಪ ರಾತ್ರಿ ಮಲಗುವಾಗ ಯೋಚನೆ ಮಾಡಿರ್ತಾರೆ ಬಿಡ್ರಿ, ನಿದ್ದೆಯಂತೂ ಬಂದಿರಲ್ಲ” ಎಂದಳು.

ಅವರಿಗೆ ನಿದ್ದೆ ಬಂತೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ. 1986ರಲ್ಲಿ, 87ರ ವಯಸ್ಸಿನಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಮಡಿಕೇರಿಯಲ್ಲಿ.

ಆ ಸಂಕ್ರಾಂತಿಯಿಂದ ಈಚೆಗೆ ಈ ಪಾಠದಲ್ಲಿ ಮುತ್ತು ಅವರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಪರೀಕ್ಷೆಗೆ ಬರುತ್ತದೆಯೇ ಮಿಸ್ ಎಂದು ಒಬ್ಬಳಾದರೂ ಕೇಳುತ್ತಾಳೆ. ಬರುವುದಿಲ್ಲ, ಆದರೂ ಬರೆದುಕೊಳ್ಳಿ ಎನ್ನುತ್ತೇನೆ.