ಗೊರೊಂಗೋಸಾ: 'ಯಾರೂ ಹೋಗದ ಜಾಗ'ಕ್ಕೆ ಯಾಕೆ ಯಾರೂ ಹೋಗಲಿಲ್ಲ?

1/8
ಆಫ್ರಿಕಾ ಸಫಾರಿ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಮಸಾಯಿ ಮಾರಾ, ಸೆರೆಂಗೆಟಿ, ಜೀಪುಗಳ ಸಾಲು, ನಡುವೆ ಪಾಪ ಒಂದು ಸಿಂಹ. ಈ ಸರಣಿ ಆ ಕಡೆ ಹೋಗಲ್ಲ. ಮ್ಯಾಪ್ ತೆಗೆದು ಮೊಜಾಂಬಿಕ್‌ನ ನಡುಭಾಗ ನೋಡಿ. ಅಲ್ಲಿನ ಸೊಫಾಲಾ ಪ್ರಾಂತ್ಯ ಒಂದರಲ್ಲೇ ಕಾಡುಪ್ರಾಣಿ, ಬೆಟ್ಟ, ಕಡಲು ಮೂರೂ ಸಿಗುತ್ತವೆ.

ಮೂರನ್ನೂ ಜೋಡಿಸೋದು ನೀರು. 1,863 ಮೀಟರ್ ಎತ್ತರದ ಗೊರೊಂಗೋಸಾ ಬೆಟ್ಟದ ಮೇಲೆ ಬಿದ್ದ ಮಳೆ ತೊರೆಗಳಾಗಿ ಇಳಿದು ರಾಷ್ಟ್ರೀಯ ಉದ್ಯಾನದ ಉರೇಮಾ ಸರೋವರ ತುಂಬಿಸುತ್ತೆ. ಅಲ್ಲಿಂದ ಪುಂಗ್ವೆ ನದಿಗೆ, ಕೊನೆಗೆ ಬೇರಾ ನಗರದ ಹತ್ತಿರ ಹಿಂದೂ ಮಹಾಸಾಗರಕ್ಕೆ.

ಇಂಥ ಊರುಗಳಿಗೆ ಟ್ರಾವೆಲ್ ರೀಲ್ಸ್‌ನವರು 'ಯಾರೂ ಹೋಗದ ಜಾಗ' ಅಂತ ಹಣೆಪಟ್ಟಿ ಹಚ್ಚುತ್ತಾರೆ. ಯಾಕೆ ಹೋಗಲಿಲ್ಲ ಅಂತ ಯಾರೂ ಹೇಳಲ್ಲ. ಅದನ್ನೇ ಇವತ್ತು ನೋಡೋಣ. ಸ್ವೈಪ್ ಮಾಡ್ತಾ ಓದಿ.

2/8
ಶುರು ಕಡಲಿಂದ. ಬೇರಾದ ದಕ್ಷಿಣಕ್ಕೆ ಸೊಫಾಲಾ ಅನ್ನೋ ಹಳೇ ಬಂದರು. ಪೋರ್ಚುಗೀಸರು ಬರೋಕೆ ಶತಮಾನಗಳ ಮುಂಚೆಯೇ ಇಲ್ಲಿ ಸ್ವಾಹಿಲಿ, ಅರಬ್ ವ್ಯಾಪಾರಿಗಳ ಓಡಾಟ ಇತ್ತು. ಒಳನಾಡಿನ ಜಿಂಬಾಬ್ವೆ ಕಡೆಯಿಂದ ಚಿನ್ನ, ಆನೆದಂತ ಬರುತ್ತಿತ್ತು; ಬದಲಿಗೆ ಗುಜರಾತಿನ ಹತ್ತಿಬಟ್ಟೆ, ಮಣಿಗಳು ಇಳಿಯುತ್ತಿದ್ದವು. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. ಈಗ ಆ ಕೋಟೆ ಇಲ್ಲ. ಅದರ ಕಲ್ಲುಗಳು ಬೇರಾದ ಕಥೆಡ್ರಲ್ ಗೋಡೆ ಸೇರಿವೆ.

ಇನ್ನೊಂದು ವಿಷಯ ಗೊತ್ತಾ? 1752ರ ತನಕ ಮೊಜಾಂಬಿಕ್‌ನ ಆಡಳಿತ ನಡೆದದ್ದು ಗೋವಾದಿಂದ! ಆ ಹಡಗುಗಳಲ್ಲಿ ಬಟ್ಟೆ, ದಂತದ ಜೊತೆ ಮನುಷ್ಯರನ್ನೂ ಸಾಗಿಸಿದರು. ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದವರಲ್ಲಿ ಮೊಜಾಂಬಿಕ್‌ನವರೂ ಇದ್ದರು. ಅಲ್ಲಿಂದ ತಪ್ಪಿಸಿಕೊಂಡು ಅಥವಾ ಬಿಡುಗಡೆಯಾಗಿ ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳೇ ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಇರುವ ಸಿದ್ದಿ ಸಮುದಾಯದ ಅನೇಕರು. ಮೊಜಾಂಬಿಕ್ ನಮಗೆ ಸಂಬಂಧವೇ ಇಲ್ಲದ ದೇಶ ಅನ್ನೋ ಮುಂಚೆ ಇದು ನೆನಪಿರಲಿ.

3/8
ಈಗ ಕಾಡಿಗೆ ಬನ್ನಿ. 1891ರಲ್ಲಿ ಪೋರ್ಚುಗಲ್ ಈ ಇಡೀ ಸೀಮೆಯನ್ನು 'ಮೊಜಾಂಬಿಕ್ ಕಂಪನಿ' ಅನ್ನೋ ಖಾಸಗಿ ಸಂಸ್ಥೆಗೆ ಒಪ್ಪಿಸಿತು. ತೆರಿಗೆ ವಸೂಲಿಯೂ ಅವರದೇ, ಬಿಟ್ಟಿ ದುಡಿಮೆಗೆ ಜನರನ್ನು ಎಳೆದೊಯ್ಯೋದೂ ಅವರದೇ. 1920ರಲ್ಲಿ ಅದೇ ಕಂಪನಿ ತನ್ನ ಅಧಿಕಾರಿಗಳು, ಅತಿಥಿಗಳ ಬೇಟೆಗೆ ಅಂತ 1,000 ಚದರ ಕಿಲೋಮೀಟರ್ ಕಾಡನ್ನು ಮೀಸಲಿಟ್ಟಿತು. ಅಂದರೆ ಉದ್ಯಾನದ ಬೇರು ಇರೋದು ಬೇಟೆಯಲ್ಲಿ. ಅತಿಥಿ ಹೊಡೆದರೆ 'ಕ್ರೀಡೆ'. ತಲೆಮಾರುಗಳಿಂದ ಅಲ್ಲೇ ಇದ್ದವನು ಹೊಡೆದರೆ 'ಕಳ್ಳಬೇಟೆ'.

1940ರಲ್ಲಿ ಪ್ರವಾಸಿಗರಿಗೆ ಅಂತ ಬಯಲಲ್ಲಿ ಒಂದು ಕ್ಯಾಂಪ್ ಕಟ್ಟಿದರು. ಮಳೆಗಾಲದಲ್ಲಿ ನೆರೆ ನುಗ್ಗಿ ಅದನ್ನು ಕೈಬಿಡಬೇಕಾಯ್ತು. ಖಾಲಿ ಮನೆಗೆ ಯಾರು ಬಂದರು ಹೇಳಿ? ಸಿಂಹಗಳು! ತಾರಸಿ ಮೇಲೆ ಆರಾಮಾಗಿ ಮಲಗಿರುತ್ತಿದ್ದವು. ಆ ಪಾಳುಮನೆಗೆ ಇವತ್ತಿಗೂ 'ಸಿಂಹಗಳ ಮನೆ' ಅಂತಲೇ ಹೆಸರು. 1960ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯ್ತು.

4/8
1975ರ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯ್ತು. ಖುಷಿ ಜಾಸ್ತಿ ದಿನ ಉಳಿಯಲಿಲ್ಲ. 1977ರಿಂದ ಫ್ರೆಲಿಮೊ ಸರ್ಕಾರ ಒಂದು ಕಡೆ, ರೆನಾಮೊ ಬಂಡುಕೋರರು ಇನ್ನೊಂದು ಕಡೆ. ರೆನಾಮೊಗೆ ಮೊದಲು ಆಗಿನ ರೊಡೇಷಿಯಾ, ಆಮೇಲೆ ವರ್ಣಭೇದದ ದಕ್ಷಿಣ ಆಫ್ರಿಕಾ ಬೆಂಬಲ ಕೊಟ್ಟವು. ಬಂಡುಕೋರರ ಮುಖ್ಯ ನೆಲೆ ಇದ್ದದ್ದು ಇದೇ ಗೊರೊಂಗೋಸಾ ಸೀಮೆಯಲ್ಲಿ. 1981ರ ಡಿಸೆಂಬರ್‌ನಲ್ಲಿ ಉದ್ಯಾನದ ಚಿತೆಂಗೊ ಕ್ಯಾಂಪ್ ಮೇಲೆ ದಾಳಿ ಆಯ್ತು. 1983ರಲ್ಲಿ ಉದ್ಯಾನಕ್ಕೆ ಬೀಗ ಬಿತ್ತು.

ಎರಡೂ ಕಡೆಯ ಸೈನಿಕರಿಗೆ ಮಾಂಸ ಬೇಕಿತ್ತು. ಬಂದೂಕಿಗೆ ದುಡ್ಡು ಬೇಕಿತ್ತು, ಅದಕ್ಕೆ ಆನೆದಂತ ಇತ್ತು. 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಶಾಂತಿ ಒಪ್ಪಂದವಾದ ಮೇಲೂ ಕಾಯೋರಿಲ್ಲದ ಕಾಡಿಗೆ ಬೇಟೆಗಾರರು ನುಗ್ಗಿದರು. ದೊಡ್ಡ ಪ್ರಾಣಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ನಾಶ. 1972ರಲ್ಲಿ 2,500ರಷ್ಟಿದ್ದ ಆನೆಗಳು 2000ನೇ ಇಸವಿ ಹೊತ್ತಿಗೆ 250ರ ಆಸುಪಾಸು. ಯಾಕೆ ಯಾರೂ ಹೋಗಲಿಲ್ಲ ಅನ್ನೋದಕ್ಕೆ ಉತ್ತರ ಇದು. ಮೊಜಾಂಬಿಕ್ ಉದ್ದಕ್ಕೂ ಯುದ್ಧ ಮತ್ತು ಅದು ತಂದ ಹಸಿವಿಗೆ ಲಕ್ಷಾಂತರ ಜನ ಸತ್ತಿದ್ದರು.

5/8
ಈ ಸ್ಲೈಡ್ ಬಯಾಲಜಿ ಓದೋರು ಬಿಡಬೇಡಿ. ನಮ್ಮ ಏಷ್ಯಾದ ಹೆಣ್ಣಾನೆಗಳಿಗೆ ದೊಡ್ಡ ದಂತ ಇರಲ್ಲ. ಆಫ್ರಿಕಾದಲ್ಲಿ ಹೆಣ್ಣಿಗೂ ಇರುತ್ತೆ. ಹುಟ್ಟಿನಿಂದಲೇ ದಂತ ಇಲ್ಲದವು ಅಲ್ಲಿ ಕಡಿಮೆ. ಯುದ್ಧಕ್ಕೆ ಮುಂಚೆ ಗೊರೊಂಗೋಸಾದಲ್ಲಿ ದಂತವಿಲ್ಲದ ಹೆಣ್ಣಾನೆಗಳು ಶೇ. 18.5. ಯುದ್ಧ ಮುಗಿದ ಮೇಲೆ ಶೇ. 50.9! ದಂತ ಇದ್ದವು ಗುಂಡಿಗೆ ಬಲಿಯಾದವು, ಇಲ್ಲದವು ಬದುಕಿ ಮರಿ ಹಾಕಿದವು. ಹಾಗಾಗಿ ಯುದ್ಧ ಮುಗಿದ ಮೇಲೆ ಹುಟ್ಟಿದ ಹೆಣ್ಣುಮರಿಗಳಲ್ಲೂ ಮೂರಕ್ಕೊಂದಕ್ಕೆ ದಂತ ಇಲ್ಲ.

2021ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಈ ಗುಣ ಎಕ್ಸ್ ಕ್ರೋಮೋಸೋಮ್‌ಗೆ ಅಂಟಿಕೊಂಡಿದೆ. ಹೆಣ್ಣುಮರಿಗೆ ಬಂದರೆ ದಂತ ಬರಲ್ಲ, ಅಷ್ಟೇ. ಗಂಡು ಭ್ರೂಣಕ್ಕೆ ಬಂದರೆ ಅದು ಉಳಿಯೋದೇ ಇಲ್ಲ. ಯುದ್ಧ ಮುಗಿದು ಮೂವತ್ತು ವರ್ಷ ದಾಟಿದೆ. ಆನೆಯ ಮೈಯಲ್ಲಿ ಅದರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

6/8
ವಾಪಸ್ ಬಂದದ್ದು ಹೇಗೆ? 2004ರಲ್ಲಿ ಅಮೆರಿಕದ ಗ್ರೆಗ್ ಕಾರ್ ಅವರ ಪ್ರತಿಷ್ಠಾನ ಮೊಜಾಂಬಿಕ್ ಸರ್ಕಾರದ ಜೊತೆ ಕೈಜೋಡಿಸಿತು. 2008ರಲ್ಲಿ 20 ವರ್ಷದ ಒಪ್ಪಂದ ಆಯ್ತು. ಹೊರಗಿನಿಂದ ಕಾಡೆಮ್ಮೆ, ವೈಲ್ಡ್‌ಬೀಸ್ಟ್ ತಂದು ಬಿಟ್ಟರು. 2018ರಲ್ಲಿ ಆಫ್ರಿಕಾದ ಕಾಡುನಾಯಿಗಳೂ ಬಂದವು. ವಾಟರ್‌ಬಕ್ ಅನ್ನೋ ಜಿಂಕೆಯಂಥ ಪ್ರಾಣಿಯನ್ನು ಮಾತ್ರ ಯಾರೂ ತರಲಿಲ್ಲ. ತಿನ್ನೋ ಸಿಂಹ ಕಮ್ಮಿ, ಹುಲ್ಲು ಬೇಕಾದಷ್ಟು. ತಾವಾಗಿಯೇ 50,000 ದಾಟಿದವು. ಅಂದರೆ ಇದು ಹಳೇ ಕಾಡಿನ ಫೋಟೊಕಾಪಿ ಅಲ್ಲ, ಬೇರೆಯದೇ ಲೆಕ್ಕಾಚಾರದ ಹೊಸ ಕಾಡು.

7/8
ಈಗ ಬೆಟ್ಟ ಹತ್ತೋಣ. ಸ್ಥಳೀಯರಿಗೆ ಇದು ಪವಿತ್ರ ಬೆಟ್ಟ. ಮೇಲೆ ಮಳೆಕಾಡು, ಮುರೊಂಬೊಜಿ ಜಲಪಾತ. ಹಸಿರುತಲೆಯ ಓರಿಯೋಲ್ ಹಕ್ಕಿ ಈ ಬೆಟ್ಟದಲ್ಲಿ ಕಾಣಸಿಗುತ್ತೆ. ಬಡತನದಿಂದಾಗಿ ಜನ ಜೋಳ, ಆಲೂಗಡ್ಡೆಗೆ ಅಂತ ಕಾಡು ಕಡಿದು ಸುಡುತ್ತಿದ್ದರು. ಕಾಡು ಹೋದರೆ ತೊರೆ ಬತ್ತುತ್ತೆ, ಕೆಳಗಿನ ಸರೋವರವೂ ಸೊರಗುತ್ತೆ. 2010ರಲ್ಲಿ 700 ಮೀಟರ್‌ಗಿಂತ ಮೇಲಿನ ಭಾಗವನ್ನು ಉದ್ಯಾನಕ್ಕೆ ಸೇರಿಸಿದರು. ಆದ್ರೆ ಗಡಿ ಎಳೆದರೆ ಹೊಟ್ಟೆ ತುಂಬುತ್ತಾ? ಅದಕ್ಕೇ ಮರದ ನೆರಳಲ್ಲಿ ಕಾಫಿ ಬೆಳೆಸೋ ಕೆಲಸ ಶುರುವಾಯ್ತು: ಕಾಫಿ ಜೊತೆಗೇ ಕಾಡಿನ ಸಸಿ.

2013ರಲ್ಲಿ ಇದೇ ಬೆಟ್ಟದ ಸುತ್ತ ಮತ್ತೆ ಗುಂಡಿನ ಸದ್ದು ಕೇಳಿತು. ಕೊನೆಗೆ 2019ರ ಆಗಸ್ಟ್ 1ರಂದು ಸರ್ಕಾರ ಮತ್ತು ರೆನಾಮೊ ಕದನ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಎಲ್ಲಿ? 1981ರಲ್ಲಿ ದಾಳಿ ನಡೆದಿದ್ದ ಅದೇ ಚಿತೆಂಗೊದಲ್ಲಿ.

8/8
ಅದಕ್ಕೆ ನಾಲ್ಕೂವರೆ ತಿಂಗಳ ಮುಂಚೆ, 2019ರ ಮಾರ್ಚ್‌ನಲ್ಲಿ, ಇಡಾಯ್ ಚಂಡಮಾರುತ ಬೇರಾ ಮೇಲೆ ಎರಗಿತ್ತು. ಮೊಜಾಂಬಿಕ್ ಒಂದರಲ್ಲೇ 600ಕ್ಕೂ ಹೆಚ್ಚು ಸಾವು. ಭಾರತದ ಮೂರು ಹಡಗುಗಳು ನೆರವಿಗೆ ಹೋದವು. ಉದ್ಯಾನದ ರೇಂಜರ್‌ಗಳು ಪ್ರಾಣಿ ಎಣಿಸೋದು ಬಿಟ್ಟು ಸುತ್ತಲಿನ ಹಳ್ಳಿಗಳಿಗೆ ಆಹಾರ ಹೊತ್ತರು.

ನೂರು ವರ್ಷದ ಹಿಂದೆ ಜನರನ್ನು ಹೊರಗಿಟ್ಟು ಶುರುವಾದ ಕಾಡು ಅದು. ಜನ ಅದನ್ನು ತಮ್ಮದು ಅಂದುಕೊಂಡರೆ ಮಾತ್ರ ಉಳಿಯುತ್ತೆ.

ಮುಂದೆ ಯಾವತ್ತಾದರೂ ನೀವು ಅಲ್ಲಿ ಹೋದರೆ ಒಣಗಾಲದಲ್ಲಿ ಹೋಗಿ. ಬೆಟ್ಟಕ್ಕೆ ಅಲ್ಲಿಯವರನ್ನೇ ಗೈಡ್ ಮಾಡಿಕೊಳ್ಳಿ, ಬೇರಾ ಕಥೆಡ್ರಲ್ ಗೋಡೆ ಒಂದ್ಸಲ ಮುಟ್ಟಿ ನೋಡಿ. ಫೋಟೊ ಹಾಕುವಾಗ 'ಮನುಷ್ಯರ ಸೋಂಕೇ ಇಲ್ಲದ ಕಾಡು' ಅಂತ ಮಾತ್ರ ಬರೀಬೇಡಿ.

ಕಾಮೆಂಟ್‌ನಲ್ಲಿ ಹೇಳಿ: ಕಾಡು ಉಳಿಸೋಕೆ ಅಲ್ಲಿನ ಜನರನ್ನು ಹೊರಗೆ ಕಳಿಸಲೇಬೇಕಾ? ನೀವೇನಂತೀರಿ?

#ಗೊರೊಂಗೋಸಾ #ಮೊಜಾಂಬಿಕ್ #ಕನ್ನಡದಲ್ಲಿಇತಿಹಾಸ