ಪಶ್ಚಿಮ ಶಿಬಿರದ ಮಗ್ಗಗಳು: ಕ್ಯೋಟೋದ ನಿಶಿಜಿನ್ ನೇಯ್ಗೆಯ ಆರ್ಥಿಕ ಇತಿಹಾಸ

ಯುದ್ಧಶಿಬಿರವೊಂದರ ಹೆಸರು ಪಟ್ಟೆವಸ್ತ್ರದ ಹೆಸರಾಗಿ ಉಳಿದುಬಂದಿರುವುದು ಇತಿಹಾಸದ ವಿನೋದಗಳಲ್ಲೊಂದು. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಜಪಾನಿನ ರಾಜಧಾನಿಯಾಗಿದ್ದ ಕ್ಯೋಟೋ ನಗರದ ಬಹುಭಾಗ ಬೂದಿಯಾಯಿತು. ಆ ಕಾಲದಲ್ಲಿ ಯಮಾನಾ ಸೋಜೆನ್ ಎಂಬ ದಳಪತಿಯು ನಗರದ ವಾಯವ್ಯ ಭಾಗದಲ್ಲಿ ತನ್ನ ಪಡೆಯ ಬಿಡಾರವನ್ನು ಹೂಡಿದ್ದನು. ‘ನಿಶಿ’ ಎಂದರೆ ಪಶ್ಚಿಮ, ‘ಜಿನ್’ ಎಂದರೆ ಶಿಬಿರ. ಯುದ್ಧಭೀತಿಯಿಂದ ಸಕಾಯ್ ಮೊದಲಾದ ಪಟ್ಟಣಗಳಿಗೆ ಓಡಿಹೋಗಿದ್ದ ನೇಕಾರರು ಮರಳಿ ಬಂದಾಗ ಈ ಹಾಳುನೆಲದ ಸುತ್ತಲೇ ನೆಲೆಸಿ ಮಗ್ಗಗಳನ್ನು ಹೂಡಿದರು. ಸೈನ್ಯ ಚದುರಿಹೋಯಿತು, ಮಗ್ಗಗಳು ನಿಂತವು. ನಿಶಿಜಿನ್ ಎಂಬ ಹೆಸರು ಅಂದಿನಿಂದ ಜಪಾನಿನ ಅತ್ಯುತ್ತಮ ಚಿತ್ತಾರದ ರೇಷ್ಮೆಗೆ ಪರ್ಯಾಯಪದವಾಯಿತು.

ಈ ನೇಕಾರರಿಗೆ ಪೂರ್ವಪರಂಪರೆಯೊಂದು ಇದ್ದಿತು. ಹಿಂದೆ ಅರಮನೆಯ ಅಧೀನದಲ್ಲಿಯೇ ನೇಯ್ಗೆಯ ಕಾರ್ಯಾಗಾರವಿದ್ದು, ಅದು ಶಿಥಿಲವಾದ ಮೇಲೆ ಕುಶಲಕರ್ಮಿಗಳು ‘ಜಾ’ ಎಂಬ ಸಂಘಗಳನ್ನು ಕಟ್ಟಿಕೊಂಡರು. ನಮ್ಮ ಪ್ರಾಚೀನ ಶಾಸನಗಳಲ್ಲಿ ಬರುವ ಶ್ರೇಣಿಗಳನ್ನು ಬಲ್ಲವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಸಂಘಕ್ಕೆ ನೇಯುವ ಏಕಸ್ವಾಮ್ಯ, ಪ್ರತಿಯಾಗಿ ಅರಮನೆಗೂ ಶ್ರೀಮಂತರಿಗೂ ವಸ್ತ್ರದ ಸಲ್ಲಿಕೆ. ಚಿತ್ತಾರದ ಬಟ್ಟೆಗಾಗಿ ಅವರು ಬಳಸುತ್ತಿದ್ದುದು ಚೀನೀ ಮೂಲದ ಎತ್ತರದ ಮಗ್ಗ. ಅದರ ನೆತ್ತಿಯ ಮೇಲೆ ಒಬ್ಬನು ಕುಳಿತು, ವಿನ್ಯಾಸಕ್ಕೆ ತಕ್ಕಂತೆ ಹಾಸಿನ ಎಳೆಗಳನ್ನು ಹಗ್ಗಗಳಿಂದ ಮೇಲೆತ್ತುತ್ತಿದ್ದನು. ಕೆಳಗಿನವನು ಲಾಳಿಯನ್ನು ಎಸೆದು ಹೊಕ್ಕು ಹಾಕುತ್ತಿದ್ದನು. ಒಂದು ಹೂವು ಅರಳಲು ಎರಡು ಜೀವಗಳ ಉಸಿರು ಒಂದೇ ಲಯದಲ್ಲಿ ಸಾಗಬೇಕಾಗಿತ್ತು.

ಸಂಪತ್ತಿನ ಕೇಂದ್ರವಾದುದು ಸಂಕಟದ ಕೇಂದ್ರವೂ ಆಗುತ್ತದೆ. 1730ರ ಮಹಾ ಅಗ್ನಿಯಲ್ಲಿ ನಿಶಿಜಿನ್ನಿನ ಸುಮಾರು 7,000 ಮಗ್ಗಗಳ ಪೈಕಿ 3,000ಕ್ಕೂ ಹೆಚ್ಚು ಸುಟ್ಟುಹೋದವು. ಅದೇ ಶತಮಾನದಲ್ಲಿ ಇಲ್ಲಿನ ವಿದ್ಯೆ ಊರಿನ ಗಡಿಯನ್ನು ದಾಟಿತು. ಕಿನುಯಾ ಸಹೇಜಿ ಎಂಬವನು ನಿಶಿಜಿನ್ನಿನಲ್ಲಿ ಸುಕ್ಕುರೇಷ್ಮೆಯ ಮರ್ಮವನ್ನು ಕಲಿತು, 1720ರಲ್ಲಿ ತನ್ನ ನಾಡಾದ ತಾಂಗೋದಲ್ಲಿ ಅದನ್ನು ನೇಯ್ದನು. ಪೂರ್ವದ ಕಿರ್ಯೂ ಪಟ್ಟಣಕ್ಕೂ ಎತ್ತರದ ಮಗ್ಗದ ತಂತ್ರ ಹೋಗಿ ತಲಪಿತು. ಅಲ್ಲಿ ಕೂಲಿ ಅಗ್ಗ, ರೇಷ್ಮೆಗೂಡು ಹತ್ತಿರ. ಆದ್ದರಿಂದ ಬಟ್ಟೆಯ ಬೆಲೆಯೂ ಕಡಿಮೆ. ರಾಜಧಾನಿಯ ನೇಕಾರರು ಅಧಿಕಾರಿಗಳಲ್ಲಿ ಮೊರೆಯಿಟ್ಟರೂ ವಿದ್ಯೆಗೆ ಬೇಲಿ ಕಟ್ಟಲಾಗಲಿಲ್ಲ. 1841ರಿಂದ 1843ರವರೆಗಿನ ತೆಂಪೋ ಸುಧಾರಣೆಗಳ ಕಾಲದಲ್ಲಿ ಸರಕಾರವು ಆಡಂಬರದ ಉಡುಪನ್ನು ನಿಷೇಧಿಸಿದಾಗಲಂತೂ ಕೊಳ್ಳುವವರೇ ಕಾಣದಾದರು. ಐಶ್ವರ್ಯವಂತರ ಅಭಿರುಚಿಯನ್ನೇ ನಂಬಿದ ಕಸುಬು, ಅವರಿಗೆ ಬಿದ್ದ ಕಡಿವಾಣಕ್ಕೆ ತಾನೇ ದಂಡ ತೆರಬೇಕಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು 1869ರಲ್ಲಿ ಬಂದಿತು. ಮೇಯಿಜಿ ಚಕ್ರವರ್ತಿಯು ಟೋಕಿಯೋಗೆ ತೆರಳಿದನು. ಆಸ್ಥಾನಿಕರೂ ಶ್ರೀಮಂತ ಗ್ರಾಹಕರೂ ಅವನ ಬೆನ್ನಿಗೆ ಹೋದರು. ಸಾವಿರ ವರ್ಷಗಳ ರಾಜಧಾನಿ ಒಮ್ಮೆಗೇ ಪ್ರಾಂತೀಯ ಪಟ್ಟಣವಾಯಿತು. ಆಗ ಕ್ಯೋಟೋ ಆಡಳಿತವು ಅಳುತ್ತ ಕೂರಲಿಲ್ಲವೆಂಬುದು ಗಮನಾರ್ಹ. 1872ರಲ್ಲಿ ಸಕುರಾ ತ್ಸುನೆಶಿಚಿ, ಇನೋಉಎ ಇಹೇ, ಯೋಶಿದಾ ಚೂಶಿಚಿ ಎಂಬ ಮೂವರನ್ನು ಫ್ರಾನ್ಸಿನ ಲಿಯಾಂ ನಗರಕ್ಕೆ ಕಳುಹಿಸಿತು. ರಂಧ್ರಗಳಿರುವ ರಟ್ಟಿನ ಸರಣಿಯಿಂದ ಎಳೆಗಳನ್ನು ತಾನೇ ಆಯ್ದು ಎತ್ತುವ ಜಕಾರ್ಡ್ ಯಂತ್ರವನ್ನು ಅಭ್ಯಾಸ ಮಾಡಿ ತರುವುದು ಅವರ ಕಾರ್ಯ. ಇಬ್ಬರು ಯಂತ್ರಗಳೊಡನೆ ಮರಳಿದರು. ಇನ್ನಷ್ಟು ಕಲಿಯಲೆಂದು ಉಳಿದ ಯೋಶಿದಾನು 1874ರಲ್ಲಿ ಹಿಂದಿರುಗುವಾಗ, ಅವನಿದ್ದ ಫ್ರೆಂಚ್ ಹಡಗು ‘ನೀಲ್’ ಇಝು ಕರಾವಳಿಯ ಬಳಿ ಮುಳುಗಿತು. ತಾಯ್ನೆಲದ ದಡ ಕಾಣುವಷ್ಟು ಸಮೀಪದಲ್ಲಿ ಅವನು ಜಲಸಮಾಧಿಯಾದನು.

1877ರ ಹೊತ್ತಿಗೆ ಅರಾಕಿ ಕೋಹೇ ಎಂಬ ಕುಶಲಿಯು ಆ ಯಂತ್ರವನ್ನು ನೋಡಿ, ಮರದಲ್ಲಿಯೇ ಅದರ ಪ್ರತಿಯನ್ನು ನಿರ್ಮಿಸಿದನು. ವಿದೇಶೀ ಕಬ್ಬಿಣದ ಯಂತ್ರದ ಬೆಲೆ ಸಣ್ಣ ನೇಕಾರನಿಗೆ ನಿಲುಕದು. ಊರಿನ ಬಡಗಿ ಮಾಡಿದ ಮರದ ಯಂತ್ರ ನಿಲುಕಿತು. ಜಕಾರ್ಡ್ ನಿಶಿಜಿನ್ನಿನಲ್ಲಿ ಬೇರೂರಿದ ಗುಟ್ಟು ಇಲ್ಲಿದೆ. 1891ರಲ್ಲಿ ಬಿವಾ ಸರೋವರದ ಕಾಲುವೆಯ ನೀರಿನಿಂದ ಕೇಆಗೆ ಎಂಬಲ್ಲಿ ಜಲವಿದ್ಯುತ್ ಆರಂಭವಾದ ಮೇಲೆ ಯಂತ್ರಮಗ್ಗಕ್ಕೂ ದಾರಿಯಾಯಿತು. ಆದರೆ ಮಗ್ಗದ ನೆತ್ತಿಯ ಮೇಲೆ ಕುಳಿತು ಹಗ್ಗವೆಳೆಯುತ್ತಿದ್ದವರ ಕಾಯಕ ಮುಗಿಯಿತು. ಕಸುಬನ್ನು ಉಳಿಸಿದ ಯಂತ್ರವು ಕಸುಬುದಾರರಲ್ಲಿ ಒಂದು ವರ್ಗವನ್ನೇ ಅಳಿಸಿತೆಂಬುದನ್ನು ಮರೆಯಲಾಗದು.

ಜಪಾನಿನ ರೇಷ್ಮೆವಿದ್ಯೆ ಕನ್ನಡನಾಡನ್ನೂ ಮುಟ್ಟಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಸ್ಥಾಪಿಸಿ, ಹುಳು ಸಾಕಣೆಗೂ ನೂಲು ಬಿಚ್ಚುವುದಕ್ಕೂ ಜಪಾನೀ ತಜ್ಞರನ್ನು ಕರೆಸಿದರು. ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಆ ನಗರದಲ್ಲಿ ಉಳಿದಿದೆ. ಮುಂದೆ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಅದೇ ಜಪಾನಿನ ಅಗ್ಗದ ರೇಷ್ಮೆ ಭಾರತದ ಪೇಟೆಗೆ ನುಗ್ಗಿ, ಮೈಸೂರು ಸೀಮೆಯ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಗುರುವಾಗಿ ಬಂದ ದೇಶವೇ ಸ್ಪರ್ಧಿಯಾಯಿತು. ತಾಂಗೋ ಮತ್ತು ಕಿರ್ಯೂಗಳ ಮುಂದೆ ನಿಶಿಜಿನ್ ಕಂಡುಂಡ ಪಾಡೂ ಇಂಥದೇ.

ಈಗ ನಿಶಿಜಿನ್ನಿನ ಒಳರಚನೆಯನ್ನು ಪರಿಶೀಲಿಸಬಹುದು. ಇಲ್ಲಿ ಒಂದೇ ಸೂರಿನಡಿ ಬಟ್ಟೆ ಸಿದ್ಧವಾಗುವುದಿಲ್ಲ. ‘ಒರಿಮೊತೊ’ ಎಂಬ ನೇಯ್ಗೆ ಯಜಮಾನನು ವಿನ್ಯಾಸವನ್ನೂ ನೂಲನ್ನೂ ಒದಗಿಸುತ್ತಾನೆ. ಚಿತ್ತಾರ ಬರೆಯುವವರು, ರಟ್ಟಿಗೆ ತೂತು ಹೊಡೆಯುವವರು, ನೂಲು ಹುರಿಮಾಡುವವರು, ಬಣ್ಣಗಾರರು, ಹಾಸು ಹಾಯಿಸುವವರು, ಚಿನ್ನದ ಹಾಳೆಯನ್ನು ಕಾಗದಕ್ಕೆ ಅಂಟಿಸಿ ಎಳೆಯಾಗಿ ಸೀಳುವವರು, ಹೀಗೆ ಇಪ್ಪತ್ತರಷ್ಟು ಹಂತಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ಮನೆತನ. ನೇಯುವವರಲ್ಲಿ ಬಹುಪಾಲು ತಮ್ಮ ಮನೆಯಲ್ಲೇ ಮಗ್ಗ ಹೂಡಿ ಕೂಲಿಗೆ ನೇಯುವವರು. ತಾಂಗೋದ ಹಳ್ಳಿಮನೆಗಳೂ ಕಾಲಕ್ರಮದಲ್ಲಿ ನಿಶಿಜಿನ್ನಿಗಾಗಿ ನೇಯತೊಡಗಿದವು. ಸಿದ್ಧವಸ್ತ್ರವು ಸಗಟು ವ್ಯಾಪಾರಿಗಳ ಹಲವು ಕೈ ದಾಟಿ ಅಂಗಡಿಯನ್ನು ಸೇರುತ್ತದೆ. ಅಂಗಡಿಯಲ್ಲಿನ ಬೆಲೆಗೂ ಮಗ್ಗದ ಮುಂದಿನ ಕೂಲಿಗೂ ಇರುವ ಅಂತರ ಈ ದಾರಿಯಲ್ಲಿ ಹುಟ್ಟುವಂಥದು. ಯಜಮಾನನಿಗೆ ಕಾರ್ಖಾನೆಯ ಭಾರವಿಲ್ಲ; ಬೇಡಿಕೆ ಏರಿದರೆ ಹೆಚ್ಚು ಮನೆಗಳಿಗೆ ಕೆಲಸ, ಕುಸಿದರೆ ಮೊದಲು ನಿಲ್ಲುವುದು ಮನೆಯ ಮಗ್ಗ.

1940ರ ಜುಲೈ 7ರಂದು ಯುದ್ಧಕಾಲದ ಸರಕಾರ ವಿಲಾಸವಸ್ತುಗಳ ತಯಾರಿಕೆಯನ್ನೂ ಮಾರಾಟವನ್ನೂ ನಿಷೇಧಿಸಿದಾಗ ಹಾಗೆಯೇ ಆಯಿತು. ಯುದ್ಧಾನಂತರ ಬಟ್ಟೆಯ ಬರವಿದ್ದಾಗ, ಮಗ್ಗ ಒಮ್ಮೆ ‘ಗಚಾ’ ಎಂದರೆ ಹತ್ತು ಸಾವಿರ ಯೆನ್ ಎಂಬರ್ಥದ ‘ಗಚಾಮನ್’ ಎಂಬ ಮಾತು ಜವಳಿ ಊರುಗಳಲ್ಲಿ ಹುಟ್ಟಿತು. ಆದರೆ ಬದುಕು ಪಾಶ್ಚಾತ್ಯ ಉಡುಪಿನತ್ತ ತಿರುಗಿತ್ತು. ಕಿಮೋನೋ ನಿತ್ಯದ ಉಡುಗೆಯಾಗಿ ಉಳಿಯದೆ, ಮದುವೆ ಹಬ್ಬಗಳ ಉಡುಗೆಯಾಯಿತು. ನಿಶಿಜಿನ್ನಿನ ಪ್ರಧಾನ ಉತ್ಪನ್ನವಾದ ‘ಓಬಿ’ ಎಂಬ ನಡುಪಟ್ಟಿಯ ಗತಿಯೂ ಅದರೊಡನೆ ಬೆಸೆದುಕೊಂಡಿತು.

ರಾಜ್ಯವು ಇದಕ್ಕೆ ಎರಡು ಬಗೆಯ ಪರಿಹಾರ ಹುಡುಕಿತು. 1950ರ ಸಾಂಸ್ಕೃತಿಕ ಸ್ವತ್ತುಗಳ ಕಾಯಿದೆಯಡಿ, ವಸ್ತುವಿನಂತೆ ವಿದ್ಯೆಯೂ ರಕ್ಷಣೀಯವೆಂಬ ತತ್ತ್ವ ಸ್ಥಾಪಿತವಾಯಿತು. 1955ರಿಂದ ಮಹಾಕುಶಲಿಗಳನ್ನು ವಿದ್ಯೆಯ ಧಾರಕರೆಂದು ಗುರುತಿಸುವ ಪರಿಪಾಠ ಬೆಳೆಯಿತು. ಜನ ಅವರನ್ನು ‘ಜೀವಂತ ರಾಷ್ಟ್ರನಿಧಿ’ ಎಂದು ಕರೆಯುತ್ತಾರೆ. ಇವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಅನುದಾನ ಸಲ್ಲುತ್ತದೆ. ನಿಶಿಜಿನ್ನಿನ ಕಿತಗಾವಾ ಹೇರೋ ಈ ಗೌರವವನ್ನು ಪಡೆದವರಲ್ಲೊಬ್ಬರು. ಎರಡನೆಯದು 1974ರ ಸಾಂಪ್ರದಾಯಿಕ ಕರಕುಶಲ ಉದ್ಯಮ ಕಾಯಿದೆ. ನಿತ್ಯಜೀವನದಲ್ಲಿ ಬಳಕೆಯಾಗುವ, ಮುಖ್ಯ ಹಂತಗಳು ಕೈಯಿಂದಲೇ ನಡೆಯುವ, ನೂರು ವರ್ಷಗಳಷ್ಟು ಹಳೆಯ ತಂತ್ರವುಳ್ಳ, ಒಂದು ಪ್ರದೇಶದಲ್ಲಿ ಸಾಕಷ್ಟು ಮಂದಿ ಕೈಗೊಂಡಿರುವ ಕಸುಬಿಗೆ ಅದು ಮನ್ನಣೆ ನೀಡುತ್ತದೆ. ನಿಶಿಜಿನ್ ನೇಯ್ಗೆಗೆ ಈ ಮನ್ನಣೆ 1976ರಲ್ಲಿ ದೊರೆಯಿತು.

ಮನ್ನಣೆ ಬಂದರೂ ಮಾರುಕಟ್ಟೆ ಬರಲಿಲ್ಲ. ಜಪಾನಿನ ಸಾಂಪ್ರದಾಯಿಕ ಕರಕುಶಲಗಳ ಒಟ್ಟು ಉತ್ಪನ್ನ 1983ರ ಸುಮಾರಿಗೆ 54,000 ಕೋಟಿ ಯೆನ್‌ಗಳ ಶಿಖರ ಮುಟ್ಟಿ, ಮೂರು ದಶಕಗಳಲ್ಲಿ ಐದನೆಯ ಒಂದು ಭಾಗದಷ್ಟಕ್ಕೆ ಇಳಿಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರಶಸ್ತಿಯು ವ್ಯಕ್ತಿಗೆ ಸಲ್ಲುತ್ತದೆ, ಬಟ್ಟೆಯಾದರೋ ಸರಪಣಿಯಿಂದ ಹುಟ್ಟುತ್ತದೆ. ಲಾಳಿ ಮಾಡುವವನು, ಬಿದಿರಿನ ಹಣಿಗೆ ಕಟ್ಟುವವನು, ಚಿನ್ನದ ಎಳೆ ಸೀಳುವವನು, ಇವರಲ್ಲಿ ಒಬ್ಬನ ಮನೆ ಮುಚ್ಚಿದರೂ ಮಹಾಕುಶಲಿಯ ಮಗ್ಗ ಮೂಕವಾಗುತ್ತದೆ. ಹೆಸರುಳ್ಳವನ ವಿದ್ಯೆ ಹೆಸರಿಲ್ಲದವರ ಅನ್ನದ ಮೇಲೆ ನಿಂತಿದೆ.

ಹೊಸ ದಾರಿ ಹುಡುಕಿದವರೂ ಇದ್ದಾರೆ. 1688ರಲ್ಲಿ ಆರಂಭವಾದ ಹೊಸೋ ಎಂಬ ಮನೆತನದ ಸಂಸ್ಥೆಯು, ಸುಮಾರು 30 ಸೆಂಟಿಮೀಟರ್ ಅಗಲದ ಓಬಿಯ ಮಿತಿಯೇ ಬೆಳವಣಿಗೆಗೆ ಗೋಡೆಯೆಂದು ಕಂಡುಕೊಂಡು, 150 ಸೆಂಟಿಮೀಟರ್ ಅಗಲ ನೇಯುವ ಮಗ್ಗವನ್ನು ರೂಪಿಸಿತು. ಆ ಬಟ್ಟೆ ಜಗತ್ತಿನ ದೊಡ್ಡ ನಗರಗಳ ಐಷಾರಾಮಿ ಮಳಿಗೆಗಳ ಗೋಡೆಗಳನ್ನೂ ಆಸನಗಳನ್ನೂ ಅಲಂಕರಿಸಿತು. ಉಡುವವರಿಲ್ಲದ ವಸ್ತ್ರಕ್ಕೆ ಗೋಡೆ ಗ್ರಾಹಕನಾಯಿತೆಂದು ಕೆಲವರು ಮರುಗಬಹುದು. ಆದರೆ ಲಿಯಾಂಗೆ ಹೋದ ಮೂವರನ್ನು ನೆನೆದರೆ, ಬದಲಾವಣೆ ಈ ಪರಂಪರೆಗೆ ಪರಕೀಯವಲ್ಲವೆಂಬುದು ಮನದಟ್ಟಾಗುತ್ತದೆ. ಬೆಂಕಿ, ನಿಷೇಧ, ರಾಜಧಾನಿಯ ವಲಸೆ ಇವೆಲ್ಲವನ್ನೂ ನಿಶಿಜಿನ್ ದಾಟಿದ್ದು ಹೊಸ ಕೊಳ್ಳುಗನನ್ನೂ ಹೊಸ ಉಪಕರಣವನ್ನೂ ಹುಡುಕಿಕೊಂಡು. ಆ ಹುಡುಕಾಟದ ಫಲ ಮಗ್ಗದ ಮುಂದೆ ಕುಳಿತವರಿಗೂ, ಹಣಿಗೆ ಕಟ್ಟುವವರಿಗೂ ತಲಪಿದರೆ ಮಾತ್ರ ಅವರ ಮಕ್ಕಳು ಲಾಳಿಯನ್ನು ಕೈಗೆ ತೆಗೆದುಕೊಂಡಾರು.