ಎಕ್ಲಿಪ್ಸ್: ಬಿಡುಗಡೆ ಯೋಜನೆ ಮತ್ತು ಪ್ಯಾಕೇಜಿಂಗ್‌ನ ಇತಿಹಾಸ

ಎಕ್ಲಿಪ್ಸ್ ಮುಖ್ಯವಾಗಿ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗಾಗಿ ರೂಪುಗೊಂಡ ಓಪನ್ ಸೋರ್ಸ್ ತಂತ್ರಾಂಶ. ಕೋಡ್ ಬರೆಯುವುದು, ಕಂಪೈಲ್ ಮಾಡುವುದು, ದೋಷ ಹುಡುಕುವುದು, ಪರೀಕ್ಷಿಸುವುದು ಎಲ್ಲವೂ ಒಂದೇ ಕಿಟಕಿಯೊಳಗೆ ನಡೆಯುವ ಇಂಥ ಸಾಧನಕ್ಕೆ ಐಡಿಇ ಎಂದು ಹೆಸರು. ಎಕ್ಲಿಪ್ಸ್‌ನ ಸಂಪಾದಕ, ಕಂಪೈಲರ್‌ಗಳ ಬಗ್ಗೆ ಸಾಕಷ್ಟು ಬರವಣಿಗೆ ಬಂದಿದೆ. ಬೇರೆ ಬೇರೆ ದೇಶಗಳ, ಬೇರೆ ಬೇರೆ ಕಂಪನಿಗಳ ನೂರಾರು ಎಂಜಿನಿಯರುಗಳು ಬರೆದದ್ದನ್ನು ನಿಗದಿತ ದಿನಗಳಂದು ಒಟ್ಟಾಗಿ ಬಳಕೆದಾರರ ಕೈಗಿಡುವ ಪದ್ಧತಿಯೂ ಅಷ್ಟೇ ದೊಡ್ಡ ಸಾಧನೆ. ಈ ಲೇಖನ ಆ ಪದ್ಧತಿಯ ಇತಿಹಾಸಕ್ಕೆ ಸೀಮಿತ.

ಎಕ್ಲಿಪ್ಸ್‌ನ ಬೇರು ಕೆನಡಾದ ಒಟ್ಟಾವಾದಲ್ಲಿದೆ. ಅಲ್ಲಿನ ಆಬ್ಜೆಕ್ಟ್ ಟೆಕ್ನಾಲಜಿ ಇಂಟರ್‌ನ್ಯಾಷನಲ್ (ಒಟಿಐ) ಕಂಪನಿಯನ್ನು ಐಬಿಎಂ 1996ರಲ್ಲಿ ಕೊಂಡಿತು. ಐಬಿಎಂ ಮಾರುತ್ತಿದ್ದ ವಿಷುಯಲ್ ಏಜ್ ಎಂಬ ಪ್ರೋಗ್ರಾಂ ಬರೆಯುವ ಸಾಧನಗಳಲ್ಲಿ ಕೆಲವನ್ನು ಕಟ್ಟಿದವರು ಒಟಿಐನವರು. ಜಾವಾಕ್ಕಾಗಿ ಮಾಡಿದ ವಿಷುಯಲ್ ಏಜ್ ಕೂಡ ಸ್ಮಾಲ್‌ಟಾಕ್ ಭಾಷೆಯಲ್ಲೇ ಬರೆದದ್ದಾಗಿತ್ತು. ಹೊರಗಿನವರು ಅದಕ್ಕೆ ಹೊಸ ಸೌಲಭ್ಯ ಸೇರಿಸುವುದು ಕಷ್ಟವಾಗಿತ್ತು. ಹೀಗಾಗಿ ಯಾರು ಬೇಕಾದರೂ ಬಂದು ತಮ್ಮ ಭಾಗವನ್ನು ಜೋಡಿಸಬಹುದಾದ, ಮುಖ್ಯವಾಗಿ ಜಾವಾದಲ್ಲೇ ಬರೆದ ವೇದಿಕೆಯೊಂದನ್ನು ಒಟಿಐ ಕೈಗೆತ್ತಿಕೊಂಡಿತು. ಜಾವಾ ಸಂಪಾದಕ ಮತ್ತು ಕಂಪೈಲರ್ ಇರುವ ಜೆಡಿಟಿ ಭಾಗದ ಕೆಲಸದಲ್ಲಿ ಜ್ಯೂರಿಕ್‌ನ ತಂಡ ಮುಖ್ಯ ಪಾತ್ರ ವಹಿಸಿತು. ಅದರ ಮುಂದಾಳು ಎರಿಕ್ ಗಾಮಾ. 2001ರ ನವೆಂಬರಿನಲ್ಲಿ ಐಬಿಎಂ ಈ ಕೋಡನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದರ ಮೌಲ್ಯ 4 ಕೋಟಿ ಡಾಲರ್ ಎಂದು ಕಂಪನಿ ಆಗ ಹೇಳಿಕೊಂಡಿತು. ಬೋರ್ಲೆಂಡ್, ರೆಡ್ ಹ್ಯಾಟ್, ಸೂಸೆ, ಕ್ಯೂಎನ್‌ಎಕ್ಸ್ ಮೊದಲಾದ ಕಂಪನಿಗಳ ಒಕ್ಕೂಟವೂ ಅದೇ ವೇಳೆಗೆ ರಚನೆಯಾಯಿತು.

ಎಕ್ಲಿಪ್ಸ್‌ನ ಒಳರಚನೆಯೇ ಅದರ ಬಿಡುಗಡೆಯ ಸಮಸ್ಯೆಗಳನ್ನೂ ಪರಿಹಾರಗಳನ್ನೂ ನಿರ್ಧರಿಸಿತು. ಇಲ್ಲಿ ಎಲ್ಲವೂ ಪ್ಲಗ್-ಇನ್. ಜಾವಾ ಕಂಪೈಲರ್ ಒಂದು ಪ್ಲಗ್-ಇನ್, ಸಹಾಯ ಪುಟಗಳನ್ನು ತೋರಿಸುವುದು ಇನ್ನೊಂದು. ಪ್ರತಿ ಪ್ಲಗ್-ಇನ್‌ಗೂ ತನ್ನದೇ ಆವೃತ್ತಿ ಸಂಖ್ಯೆ ಇರುತ್ತದೆ, ತನಗೆ ಬೇರೆ ಯಾವ ಪ್ಲಗ್-ಇನ್‌ನ ಯಾವ ಆವೃತ್ತಿ ಬೇಕು ಎಂಬ ಘೋಷಣೆಯೂ ಇರುತ್ತದೆ. 2004ರ ಜೂನ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಹಳೆಯ ಸ್ವಂತ ವ್ಯವಸ್ಥೆಯನ್ನು ಕೈಬಿಟ್ಟು ಓಎಸ್‌ಜಿಐ ಎಂಬ ಮಾನದಂಡವನ್ನು ಅಳವಡಿಸಿಕೊಂಡರು. ಈಕ್ವಿನಾಕ್ಸ್ ಎಂದು ಹೆಸರಾದ ಆ ತಳಪಾಯದ ಮೇಲೆಯೇ ಇಂದಿಗೂ ಎಕ್ಲಿಪ್ಸ್ ನಿಂತಿದೆ. ಒಬ್ಬರ ಬದಲಾವಣೆ ಇನ್ನೊಬ್ಬರ ಪ್ಲಗ್-ಇನ್ನನ್ನು ಮುರಿಯಬಾರದೆಂದು ಒಂದು ಪ್ಲಗ್-ಇನ್ ಇನ್ನೊಂದನ್ನು ಬಳಸಿಕೊಳ್ಳುವ ದಾರಿಯಾದ ಎಪಿಐಗಳ ಬಗ್ಗೆ ಬಿಗಿ ನಿಯಮಗಳು ಬಂದವು. ಒಮ್ಮೆ ಎಪಿಐ ಎಂದು ಘೋಷಿಸಿದ್ದನ್ನು ಮನಸ್ಸಿಗೆ ಬಂದಂತೆ ತಿದ್ದುವ ಹಾಗಿಲ್ಲ. ಒಳಗಿನ ಬಳಕೆಗೆಂದು ಗುರುತಿಸಿದ್ದನ್ನು ಹೊರಗಿನವರು ನಂಬಿ ಕೂರುವ ಹಾಗಿಲ್ಲ.

ಬಿಡುಗಡೆಯ ಶಿಸ್ತನ್ನು ಮೊದಲು ಕಟ್ಟಿದ್ದು ಮೂಲ ತಂಡವೇ. ಪ್ರತಿ ಆವೃತ್ತಿಯ ಆರಂಭದಲ್ಲಿ ಒಂದು ಯೋಜನಾ ಪತ್ರವನ್ನು ಎಲ್ಲರ ಮುಂದೆ ಇಡುತ್ತಿದ್ದರು. ಖಂಡಿತ ಮಾಡುತ್ತೇವೆ ಎಂದು ಮಾತು ಕೊಟ್ಟ ಕೆಲಸಗಳು, ಮಾಡಬೇಕೆಂದಿರುವ ಕೆಲಸಗಳು, ಮುಂದಕ್ಕೆ ಹಾಕಿದ ಕೆಲಸಗಳು ಎಂಬ ಮೂರು ವಿಭಾಗ ಅದರಲ್ಲಿರುತ್ತಿತ್ತು. ಯಾವ ಆಪರೇಟಿಂಗ್ ಸಿಸ್ಟಂ, ಯಾವ ಜಾವಾ ಆವೃತ್ತಿಗಳ ಮೇಲೆ ಪರೀಕ್ಷಿಸಲಾಗುವುದು ಎಂಬ ಪಟ್ಟಿಯೂ ಅದರ ಭಾಗ. ಮೂರನೆಯ ವಿಭಾಗ ವಿಶೇಷ ಮೆಚ್ಚುಗೆಗೆ ಅರ್ಹ. ಇದನ್ನು ಈ ಸಲ ಮಾಡಲಾಗುವುದಿಲ್ಲ ಎಂದು ಬರೆದು ಪ್ರಕಟಿಸುವ ಪ್ರಾಮಾಣಿಕತೆ ಆ ಕಾಲದ ತಂತ್ರಾಂಶ ಲೋಕದಲ್ಲಿ ಸುಲಭವಾಗಿ ಕಾಣಸಿಗುತ್ತಿರಲಿಲ್ಲ.

ಯೋಜನೆಯ ಕೆಲಸ ಸುಮಾರು ಆರು ವಾರಗಳ ಕಂತುಗಳಲ್ಲಿ ಸಾಗುತ್ತಿತ್ತು. ಒಂದೊಂದು ಕಂತಿನ ಕೊನೆಗೂ ಎಂ1, ಎಂ2 ಎಂದು ಸಂಖ್ಯೆ ಹೊತ್ತ ಮೈಲುಗಲ್ಲು ಬಿಲ್ಡ್ (ಕೋಡಿನಿಂದ ಕಟ್ಟಿದ, ಓಡಿಸಬಲ್ಲ ಆವೃತ್ತಿ) ಹೊರಬರುತ್ತಿತ್ತು. ಅದರೊಂದಿಗೆ ಹೊಸತೇನಿದೆ ಎಂದು ಚಿತ್ರಸಹಿತ ವಿವರಿಸುವ ಪುಟ. ಇವುಗಳ ಕೆಳಗೆ ಪ್ರತಿ ರಾತ್ರಿಯ ಬಿಲ್ಡ್ ಮತ್ತು ವಾರಕ್ಕೊಮ್ಮೆಯ ಏಕೀಕರಣ ಬಿಲ್ಡ್ ಇದ್ದವು. ಎಕ್ಲಿಪ್ಸ್ ಬರೆಯುವವರು ತಮ್ಮ ದಿನದ ಕೆಲಸಕ್ಕೂ ಎಕ್ಲಿಪ್ಸ್‌ನ ಹೊಸ ಬಿಲ್ಡನ್ನೇ ಬಳಸುತ್ತಿದ್ದುದರಿಂದ ಕೆಟ್ಟ ಬಿಲ್ಡ್‌ನ ಕಾವು ಮೊದಲು ತಟ್ಟುತ್ತಿದ್ದುದು ಅವರಿಗೇ. ಕೊನೆಯ ಮೈಲುಗಲ್ಲಿನ ಬಳಿಕ ಬಿಡುಗಡೆಯ ಅಭ್ಯರ್ಥಿ (ಆರ್‌ಸಿ) ಬಿಲ್ಡ್‌ಗಳ ಸರದಿ. ಆರ್‌ಸಿ1ರಿಂದ ಮುಂದಕ್ಕೆ ಹೋದಂತೆ ನಿಯಮ ಬಿಗಿಯಾಗುತ್ತಿತ್ತು. ಮೊದಲು ಇನ್ನೊಬ್ಬ ಸಹೋದ್ಯೋಗಿ ನೋಡಿ ಒಪ್ಪಿದರೆ ಸಾಕಾಗಿದ್ದ ಒಂದು ತಿದ್ದುಪಡಿಗೆ ಕೊನೆಕೊನೆಗೆ ತಂಡದ ಮುಖ್ಯಸ್ಥರ ಒಪ್ಪಿಗೆಯೂ ಬೇಕಾಗುತ್ತಿತ್ತು. 2002ರ ಜೂನ್‌ನಲ್ಲಿ 2.0, 2003ರ ಮಾರ್ಚ್‌ನಲ್ಲಿ 2.1, 2004 ಮತ್ತು 2005ರ ಜೂನ್‌ಗಳಲ್ಲಿ 3.0 ಮತ್ತು 3.1 ಬಂದದ್ದು ಈ ಕ್ರಮದಲ್ಲಿ.

2004ರ ಆರಂಭದಲ್ಲಿ ಒಕ್ಕೂಟದ ಜಾಗಕ್ಕೆ ಲಾಭರಹಿತ ಎಕ್ಲಿಪ್ಸ್ ಫೌಂಡೇಶನ್ ಬಂತು; ಮೈಕ್ ಮಿಲಿಂಕೋವಿಚ್ ಅದರ ಕಾರ್ಯನಿರ್ವಾಹಕ ನಿರ್ದೇಶಕರಾದರು. ಐಬಿಎಂನ ಪ್ರತಿಸ್ಪರ್ಧಿಗಳೂ ಧೈರ್ಯವಾಗಿ ಒಳಬರಲು ಇದು ಅಗತ್ಯವಾಗಿತ್ತು. ಫೌಂಡೇಶನ್ ಬಿಡುಗಡೆಗೆ ಇನ್ನೊಂದು ಷರತ್ತನ್ನು ಸೇರಿಸಿತು: ಯಾವ ಯೋಜನೆಯಾದರೂ ಹೊರಗಿನಿಂದ ತಂದ ಕೋಡಿನ ಹಕ್ಕುಸ್ವಾಮ್ಯ ಮತ್ತು ಪರವಾನಗಿಯ ಪರಿಶೀಲನೆ ಮುಗಿಯದೆ ಬಿಡುಗಡೆ ಇಲ್ಲ. ಕೋಡ್ ಬರೆಯುವವರಿಗೆ ಇದು ಕಿರಿಕಿರಿ ಎನಿಸಿದ್ದುಂಟು. ಆದರೂ ಎಕ್ಲಿಪ್ಸ್ ಮೇಲೆ ತಮ್ಮ ಮಾರಾಟದ ಉತ್ಪನ್ನಗಳನ್ನು ಕಟ್ಟುವ ಕಂಪನಿಗಳು ಅದನ್ನು ನಿಶ್ಚಿಂತೆಯಿಂದ ನಂಬಲು ಈ ಪರಿಶೀಲನೆ ದೊಡ್ಡ ಕಾರಣ. ಪರವಾನಗಿಯೂ ಐಬಿಎಂ ರೂಪಿಸಿದ್ದ ಕಾಮನ್ ಪಬ್ಲಿಕ್ ಲೈಸೆನ್ಸ್‌ನಿಂದ ಎಕ್ಲಿಪ್ಸ್ ಪಬ್ಲಿಕ್ ಲೈಸೆನ್ಸ್‌ಗೆ ಬದಲಾಯಿತು; ಅದರ ಎರಡನೇ ಆವೃತ್ತಿ 2017ರಲ್ಲಿ ಬಂತು.

ಅಷ್ಟರಲ್ಲಿ ಬೆಳವಣಿಗೆಯೇ ತೊಡಕಾಗಿತ್ತು. ಮೂಲ ವೇದಿಕೆಯ ಸುತ್ತ ಸಿ ಭಾಷೆಯ ಸಾಧನ, ವೆಬ್ ಸಾಧನ, ಮಾದರಿ ರಚನೆಯ ಚೌಕಟ್ಟು, ವರದಿ ತಯಾರಿಸುವ ಬಿರ್ಟ್ ಮುಂತಾದ ಸ್ವತಂತ್ರ ಯೋಜನೆಗಳು ಹುಟ್ಟಿಕೊಂಡವು. ಒಂದೊಂದಕ್ಕೂ ತನ್ನದೇ ವೇಳಾಪಟ್ಟಿ. ಜೂನ್‌ನಲ್ಲಿ ಬಂದ ಹೊಸ ವೇದಿಕೆಗೆ ಹೊಂದುವ ವೆಬ್ ಸಾಧನ ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಬಳಕೆದಾರರು ಒಂದೊಂದು ಜಿಪ್ ಕಡತವನ್ನೂ ಬೇರೆ ಬೇರೆಯಾಗಿ ಇಳಿಸಿಕೊಂಡು, ಯಾವುದರ ಯಾವ ಆವೃತ್ತಿ ಯಾವುದಕ್ಕೆ ಹೊಂದುತ್ತದೆಂದು ಓದಿ ತಿಳಿದು, ಒಂದೇ ಫೋಲ್ಡರಿಗೆ ಬಿಚ್ಚಬೇಕಿತ್ತು. ಒಂದು ತಪ್ಪಿದರೆ ಎಕ್ಲಿಪ್ಸ್ ಏಳುತ್ತಲೇ ಇರಲಿಲ್ಲ, ಇಲ್ಲವೇ ಕಾರಣ ಹೇಳದೆ ಕೆಲವು ಮೆನುಗಳೇ ಕಾಣೆಯಾಗುತ್ತಿದ್ದವು.

ಇದಕ್ಕೆ ಫೌಂಡೇಶನ್‌ನ ಯೋಜನಾ ಮಂಡಳಿ ಕಂಡುಕೊಂಡ ಉತ್ತರ ಏಕಕಾಲಿಕ ಬಿಡುಗಡೆ. 2006ರ ಜೂನ್ ಕೊನೆಯಲ್ಲಿ 10 ಯೋಜನೆಗಳು ಒಂದೇ ದಿನ ಹೊರಬಂದವು. ಒಟ್ಟು ಸುಮಾರು 70 ಲಕ್ಷ ಸಾಲುಗಳ ಕೋಡ್. ಅದಕ್ಕೆ ಗುರು ಗ್ರಹದ ಉಪಗ್ರಹ ಕ್ಯಾಲಿಸ್ಟೋ ಹೆಸರಿಟ್ಟರು. ಎಲ್ಲ ಯೋಜನೆಗಳೂ ಸೇರಿ ಒಂದೇ ಉತ್ಪನ್ನವಾಗಬೇಕೆಂಬ ಹಟ ಇರಲಿಲ್ಲ. ಪ್ರತಿ ಯೋಜನೆ ತನ್ನ ಆಡಳಿತ, ತನ್ನ ಆವೃತ್ತಿ ಸಂಖ್ಯೆಯನ್ನು ಉಳಿಸಿಕೊಂಡಿತು. ಹಂಚಿಕೊಂಡದ್ದು ದಿನಾಂಕವನ್ನು ಮಾತ್ರ. ಇದನ್ನು ಬಿಡುಗಡೆ ರೈಲು ಎಂದೇ ಕರೆದರು. ಹೊತ್ತಿಗೆ ಸಿದ್ಧವಾಗದ ಯೋಜನೆ ಆ ವರ್ಷ ಹೊರಗುಳಿಯಬೇಕು; ಅದಕ್ಕಾಗಿ ಉಳಿದವರು ಕಾಯುವುದಿಲ್ಲ.

ಒಂದರ ಮೇಲೊಂದು ಅವಲಂಬಿಸಿದ ಯೋಜನೆಗಳು ಒಂದೇ ದಿನ ಹೊರಬರುವುದು ಹೇಗೆ? ಇದಕ್ಕೆ ಮಾಡಿದ ಏರ್ಪಾಡು ಸರಳವಾದರೂ ಬಹಳ ಜಾಣತನದ್ದು. ಯಾರನ್ನೂ ಅವಲಂಬಿಸದ ಮೂಲ ವೇದಿಕೆಗೆ +0 ಎಂಬ ಗುರುತು. ಅದರ ಮೇಲೆ ನಿಂತವು +1, ಅವುಗಳ ಮೇಲೆ ನಿಂತವು +2, ಎಲ್ಲರ ನಂತರ ಬರುವವು +3. ಪ್ರತಿ ಮೈಲುಗಲ್ಲಿನಲ್ಲೂ ವೇದಿಕೆ ಮೊದಲು ತನ್ನ ಬಿಲ್ಡ್ ಕೊಡುತ್ತದೆ. ಕೆಲವು ದಿನಗಳ ಅಂತರದಲ್ಲಿ ಒಂದೊಂದು ಪದರವೂ ಅದನ್ನು ಬಳಸಿ ತನ್ನದನ್ನು ಸಿದ್ಧಪಡಿಸುತ್ತದೆ. ಹೀಗೆ ಏಳು ಮೈಲುಗಲ್ಲುಗಳಲ್ಲಿ ಮತ್ತೆ ಮತ್ತೆ ತಾಲೀಮು ಮಾಡಿದ ಮೇಲೆ ಜೂನ್ ಬಂದಾಗ ಆತಂಕಕ್ಕೆ ಹೆಚ್ಚು ಜಾಗ ಉಳಿಯುತ್ತಿರಲಿಲ್ಲ.

ಬಳಿಕ 2007ರಲ್ಲಿ 21 ಯೋಜನೆಗಳ ಯುರೋಪಾ, 2008ರಲ್ಲಿ 23 ಯೋಜನೆಗಳ ಗ್ಯಾನಿಮೀಡ್, 2009ರಲ್ಲಿ 33 ಯೋಜನೆಗಳ ಗೆಲಿಲಿಯೋ, 2010ರಲ್ಲಿ 39 ಯೋಜನೆಗಳ ಹೀಲಿಯೋಸ್ ಬಂದವು. 2011ರ ಇಂಡಿಗೋದಲ್ಲಿ ಸಂಖ್ಯೆ 62ಕ್ಕೂ ಕೋಡ್ 4.6 ಕೋಟಿ ಸಾಲುಗಳಿಗೂ ಏರಿತು. ಮುಂದೆ ಜೂನೋ, ಕೆಪ್ಲರ್, ಲೂನಾ, ಮಾರ್ಸ್, ನಿಯಾನ್, ಆಕ್ಸಿಜನ್, ಫೋಟಾನ್. 2008ರಿಂದ 2018ರವರೆಗೆ, ಹನ್ನೊಂದು ವರ್ಷ, ಪ್ರತಿ ಸಲವೂ ಬಿಡುಗಡೆ ಜೂನ್ ತಿಂಗಳ ನಾಲ್ಕನೇ ಬುಧವಾರವೇ ಆಯಿತು. ಯಾರಿಗೂ ಯಾರನ್ನೂ ಬಲವಂತಪಡಿಸುವ ಅಧಿಕಾರವಿಲ್ಲದ ಕಡೆ ಇಷ್ಟು ಸಲ ಮಾತು ಉಳಿಸಿಕೊಂಡದ್ದು ಅಸಾಮಾನ್ಯ.

ದಿನಾಂಕ ಕಾಯ್ದುಕೊಂಡ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ ಎಂಬುದಕ್ಕೆ 2012ರ ಜೂನೋ ಸಾಕ್ಷಿ. ಅದರಲ್ಲಿ ಹಳೆಯ 3.ಎಕ್ಸ್ ಸರಣಿಯ ಬದಲು ಒಳಗಿನಿಂದ ಪುನರ್ರಚಿಸಿದ 4.2 ಆವೃತ್ತಿ ಮುಖ್ಯವಾಯಿತು, 3.8 ಕೂಡ ಜೊತೆಗೇ ಬಂತು. ಸಂಪಾದಕ ತೆರೆಯುವುದು, ಮುಚ್ಚುವುದು ನಿಧಾನವಾಯಿತೆಂದು ಬಳಕೆದಾರರು ದೂರಿದರು. ಆ ದೂರು ನ್ಯಾಯವಾದದ್ದೇ. ನಂತರ ಬಂದ, ದೋಷ ತಿದ್ದುವ ಸೇವಾ ಬಿಡುಗಡೆಗಳಲ್ಲಿ ಬಹಳಷ್ಟು ಸರಿಪಡಿಸಿದರು, ಆದರೂ ಎಕ್ಲಿಪ್ಸ್ ನಿಧಾನ ಎಂಬ ಮಾತು ಅಂಟಿಕೊಂಡಿತು.

ಪ್ಯಾಕೇಜಿಂಗ್‌ನ ಕತೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಕ್ಯಾಲಿಸ್ಟೋ ದಿನಾಂಕವನ್ನು ಒಂದುಗೂಡಿಸಿತೇ ಹೊರತು ಹೊಸಬರಿಗೆ ಏನು ಇಳಿಸಿಕೊಳ್ಳಬೇಕೆಂದು ಹೇಳಲಿಲ್ಲ. ಅದಕ್ಕಾಗಿ ಎಕ್ಲಿಪ್ಸ್ ಪ್ಯಾಕೇಜಿಂಗ್ ಪ್ರಾಜೆಕ್ಟ್ ಆರಂಭವಾಯಿತು. 2007ರ ಯುರೋಪಾದೊಂದಿಗೆ ಅದರ ಮೊದಲ ಸಿದ್ಧ ಪ್ಯಾಕೇಜುಗಳು ಬಂದವು: ಜಾವಾ ಬರೆಯುವವರಿಗೆ, ಜಾವಾ ಇಇ ಬಳಸಿ ವೆಬ್ ಅಪ್ಲಿಕೇಶನ್ ಕಟ್ಟುವವರಿಗೆ, ಸಿ ಮತ್ತು ಸಿ++ ಬರೆಯುವವರಿಗೆ, ಎಕ್ಲಿಪ್ಸ್‌ಗೇ ಪ್ಲಗ್-ಇನ್ ಬರೆಯುವವರಿಗೆ. ಯೋಜನೆಗಳ ಹೆಸರಿನ ಬದಲು ಬಳಕೆದಾರರ ಕೆಲಸವನ್ನು ನೋಡಿ ಕಟ್ಟಿದ ವಿಂಗಡಣೆ ಇದು. ಎಕ್ಲಿಪ್ಸ್ ಹೊಸಬರಿಗೆ ಹತ್ತಿರವಾದದ್ದರಲ್ಲಿ ಇದರ ಪಾಲು ದೊಡ್ಡದು.

ಪ್ಯಾಕೇಜು ಕಟ್ಟುವುದರಲ್ಲಿ ಎಕ್ಲಿಪ್ಸ್‌ಗೆ ವಿಶೇಷ ತೊಡಕೊಂದಿತ್ತು. ಸಾಮಾನ್ಯವಾಗಿ ಜಾವಾ ಪ್ರೋಗ್ರಾಂ ಒಂದೇ ಕಡತವಾಗಿ ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲೂ ಓಡುತ್ತದೆ. ಎಕ್ಲಿಪ್ಸ್ ಮಾತ್ರ ಬಟನ್, ಮೆನು, ಕಿಟಕಿಗಳಿಗೆ ಆಯಾ ಸಿಸ್ಟಂನ ಸ್ವಂತ ಅಂಗಗಳನ್ನೇ ಬಳಸುವ ಎಸ್‌ಡಬ್ಲ್ಯುಟಿ ಗ್ರಂಥಾಲಯವನ್ನು ನೆಚ್ಚಿಕೊಂಡಿದೆ. ಹಾಗಾಗಿ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ, ಅವುಗಳ ಬೇರೆ ಬೇರೆ ಪ್ರೊಸೆಸರ್‌ಗಳಿಗೂ ಪ್ರತ್ಯೇಕ ಪ್ಯಾಕೇಜ್ ಬೇಕು. ಒಂದು ಡಜನ್ ಬಗೆಯ ಪ್ಯಾಕೇಜುಗಳಿದ್ದರೆ ಬಿಡುಗಡೆಯ ದಿನ ಸಿದ್ಧವಾಗಿರಬೇಕಾದ ಕಡತಗಳ ಸಂಖ್ಯೆ ಅದರ ಹಲವು ಪಟ್ಟು.

ಒಮ್ಮೆ ಸ್ಥಾಪಿಸಿದ ಎಕ್ಲಿಪ್ಸ್‌ಗೆ ಹೊಸ ಭಾಗ ಸೇರಿಸುವ ಹಳೆಯ ಅಪ್‌ಡೇಟ್ ಮ್ಯಾನೇಜರ್ ಬಹಳ ದುರ್ಬಲವಾಗಿತ್ತು. 2008ರ ಗ್ಯಾನಿಮೀಡ್‌ನಲ್ಲಿ ಅದರ ಸ್ಥಾನಕ್ಕೆ ಪಿ2 ಬಂತು. ಒಂದು ಪ್ಲಗ್-ಇನ್ ಬೇಕೆಂದರೆ ಅದಕ್ಕೆ ಬೇಕಾದವನ್ನೆಲ್ಲ ಲೆಕ್ಕಹಾಕಿ, ಒಂದಕ್ಕೊಂದು ಹೊಂದುವ ಆವೃತ್ತಿಗಳನ್ನು ಆರಿಸಿ, ಹೊಂದದಿದ್ದರೆ ಮೊದಲೇ ತಡೆಯುವುದು ಪಿ2 ಕೆಲಸ. ರೈಲಿನ ಎಲ್ಲ ಯೋಜನೆಗಳ ಪ್ಲಗ್-ಇನ್‌ಗಳನ್ನು ಒಂದೇ ಭಂಡಾರಕ್ಕೆ ತುಂಬಿ ಪರಿಶೀಲಿಸುವುದೂ ಇದರಿಂದ ಸಾಧ್ಯವಾಯಿತು. ಹೊಸ ಬಳಕೆದಾರರಿಗೆ ಪಿ2 ಕೊಡುವ ದೋಷ ಸಂದೇಶಗಳು ಮಾತ್ರ ಉದ್ದವಾಗಿ, ಕಗ್ಗಂಟಾಗಿ ಕಾಣುತ್ತಿದ್ದವು. 2015ರ ಮಾರ್ಸ್‌ನಿಂದ ಪ್ಯಾಕೇಜ್ ಆರಿಸಿ ಸ್ಥಾಪಿಸಿಕೊಡುವ ಇನ್‌ಸ್ಟಾಲರ್ ಸಿಕ್ಕಿತು. 2020ರ ಸೆಪ್ಟೆಂಬರ್ ಬಿಡುಗಡೆಯಲ್ಲಿ ಎಕ್ಲಿಪ್ಸ್ ಓಡಲು ಜಾವಾ 11 ಕಡ್ಡಾಯವಾದಾಗ, ಅದಕ್ಕೆ ಬೇಕಾದ ಜಾವಾವನ್ನೂ ಪ್ಯಾಕೇಜಿನೊಳಗೇ ಇಟ್ಟು ಕೊಡತೊಡಗಿದರು. ಮೊದಲು ಜಾವಾ ಹಾಕಿಕೊಂಡು ಆಮೇಲೆ ಎಕ್ಲಿಪ್ಸ್‌ಗೆ ಅದರ ಜಾಗ ತೋರಿಸುವ ಹಳೆಯ ಪಾಡು ಆಗ ತಪ್ಪಿತು.

ಬಿಲ್ಡ್ ಮಾಡುವ ವಿಧಾನವೂ ಬದಲಾಗಬೇಕಿತ್ತು. ಕೋಡ್ ಎಲ್ಲರದಾಗಿದ್ದರೂ ವೇದಿಕೆಯ ಬಿಲ್ಡ್ ಬಹುಕಾಲ ಐಬಿಎಂನ ಯಂತ್ರಗಳಲ್ಲೇ ನಡೆಯುತ್ತಿತ್ತು. ಹೊರಗಿನವರು ಅದನ್ನು ಮರುಸೃಷ್ಟಿಸುವುದು ದುಸ್ತರ. ಲಿನಕ್ಸ್ ವಿತರಣೆಗಳು ಮೂಲ ಕೋಡಿನಿಂದಲೇ ಕಟ್ಟಿ ಹಂಚಲು ಹೊರಟಾಗ ಈ ಕಷ್ಟ ಎದ್ದು ಕಂಡಿತು. ಡೆಬಿಯನ್‌ನ ಎಕ್ಲಿಪ್ಸ್ 3.8ರಲ್ಲೇ ವರ್ಷಗಟ್ಟಲೆ ನಿಂತುಬಿಟ್ಟಿತ್ತು. ಮೇವನ್ ಎಂಬ ಬಿಲ್ಡ್ ಸಾಧನ ಮತ್ತು ಅದಕ್ಕೆ ಎಕ್ಲಿಪ್ಸ್ ಪ್ಲಗ್-ಇನ್‌ಗಳ ಭಾಷೆ ಕಲಿಸುವ ಟೈಕೋ ಬಳಸಿ ಯಾರು ಬೇಕಾದರೂ ಬಿಲ್ಡ್ ಮಾಡಬಲ್ಲ ವ್ಯವಸ್ಥೆಗೆ ವೇದಿಕೆ ಹೊರಳಿದ್ದು ಕೆಪ್ಲರ್‌ನ ಹೊತ್ತಿಗೆ. ಓಪನ್ ಸೋರ್ಸ್ ಎಂಬ ಮಾತು ಎಕ್ಲಿಪ್ಸ್‌ನಲ್ಲಿ ಪೂರ್ಣಾರ್ಥ ಪಡೆದದ್ದು ಈ ಬದಲಾವಣೆಯ ನಂತರವೇ ಎನ್ನಬೇಕು.

ವರ್ಷಕ್ಕೊಂದು ಬಿಡುಗಡೆಯ ಕ್ರಮವನ್ನು ಅಲುಗಿಸಿದ್ದು ಜಾವಾದ ವೇಗ. 2014ರ ಮಾರ್ಚ್‌ನಲ್ಲಿ ಜಾವಾ 8 ಬಂದಾಗ ಅದರ ಲ್ಯಾಂಬ್ಡಾ ಅಭಿವ್ಯಕ್ತಿಗಳನ್ನು ಎಕ್ಲಿಪ್ಸ್‌ನ ಸ್ವಂತ ಕಂಪೈಲರ್‌ಗೆ ಕಲಿಸುವುದು ಭಾರಿ ಕೆಲಸವಾಗಿತ್ತು. ಅದರಲ್ಲಿ ಬೆಂಗಳೂರಿನ ಐಬಿಎಂ ಪ್ರಯೋಗಾಲಯದ ಎಂಜಿನಿಯರುಗಳ ಪಾಲು ಹಿರಿದು.  ಜೂನ್‌ವರೆಗೆ ಕಾಯಿಸದೆ ಆಗಿನ ಕೆಪ್ಲರ್‌ಗೆ ಪ್ಯಾಚ್ ರೂಪದಲ್ಲಿ ಜಾವಾ 8 ಬೆಂಬಲ ಕೊಟ್ಟು, ಲೂನಾದಲ್ಲಿ ಅದನ್ನು ಒಳಗೂಡಿಸಿದರು. 2017ರಲ್ಲಿ ಜಾವಾ 9 ಬಂದಾಗ ಅದಕ್ಕೆಂದೇ ಅಕ್ಟೋಬರಿನಲ್ಲಿ ಆಕ್ಸಿಜನ್ 1ಎ ಎಂಬ ಬಿಡುಗಡೆಯನ್ನು ನಡುವೆ ಸೇರಿಸಬೇಕಾಯಿತು. ಆಮೇಲೆ ಜಾವಾ ಆರು ತಿಂಗಳಿಗೊಮ್ಮೆ ಬರುವುದೆಂದು ನಿರ್ಧಾರವಾದ ಮೇಲೆ ಜೂನ್‌ನ ರೈಲೊಂದನ್ನೇ ನಂಬಿ ಕೂರುವಂತಿರಲಿಲ್ಲ.

ನಿಯಾನ್‌ನಿಂದಲೇ ನಡುವಿನ ಬಿಡುಗಡೆಗಳಲ್ಲಿ ಹೊಸ ಸೌಲಭ್ಯಗಳನ್ನೂ ಸೇರಿಸುವ ರೂಢಿ ಆರಂಭವಾಗಿತ್ತು. 2018ರ ಸೆಪ್ಟೆಂಬರಿನಿಂದ ಸೇವಾ ಬಿಡುಗಡೆಗಳನ್ನೇ ಕೈಬಿಟ್ಟು, 13 ವಾರಕ್ಕೊಮ್ಮೆ ಪೂರ್ಣ ಬಿಡುಗಡೆ ಮಾಡತೊಡಗಿದರು. ಏಳರ ಬದಲು ಮೂರು ಮೈಲುಗಲ್ಲುಗಳು, ನಂತರ ಚುಟುಕಾದ ಅಭ್ಯರ್ಥಿ ಬಿಲ್ಡ್‌ಗಳು. ಗ್ರಹತಾರೆಗಳ, ಮೂಲವಸ್ತುಗಳ ಹೆಸರು ಹೋಗಿ 2018-09 ಎಂಬಂತೆ ವರ್ಷ ಮತ್ತು ತಿಂಗಳೇ ಹೆಸರಾಯಿತು. ಹಳೆಯ ಹೆಸರುಗಳ ಸೊಗಸು ಹೋದರೂ ತಮ್ಮ ಎಕ್ಲಿಪ್ಸ್ ಎಷ್ಟು ಹಳೆಯದೆಂದು ಬಳಕೆದಾರರಿಗೆ ಒಂದೇ ನೋಟಕ್ಕೆ ತಿಳಿಯುವಂತಾಯಿತು. ಮಾರ್ಚ್ ಮತ್ತು ಸೆಪ್ಟೆಂಬರ್‌ಗಳಲ್ಲಿ ಹೊಸ ಜಾವಾ ಮತ್ತು ಹೊಸ ಎಕ್ಲಿಪ್ಸ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವುದರಿಂದ, ಆ ಜಾವಾದ ಬೆಂಬಲವನ್ನು ಮೊದಲು ಪ್ಯಾಚ್ ಆಗಿ ಕೊಟ್ಟು ಮುಂದಿನ ಬಿಡುಗಡೆಯಲ್ಲಿ ಸೇರಿಸುವ ಕ್ರಮ ರೂಢಿಯಾಗಿದೆ.

ಫೌಂಡೇಶನ್ ತನ್ನ ಕಾನೂನುಬದ್ಧ ನೆಲೆಯನ್ನು ಬೆಲ್ಜಿಯಂನ ಬ್ರಸೆಲ್ಸ್‌ಗೆ ಬದಲಿಸಿಕೊಂಡ ನಂತರವೂ ವೇಳಾಪಟ್ಟಿ ಕದಲಲಿಲ್ಲ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಎಕ್ಲಿಪ್ಸ್‌ನ ಹೊಸ ಆವೃತ್ತಿ ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್‌ಗಳಿಗೆ ಏಕಕಾಲದಲ್ಲಿ, ಉಚಿತವಾಗಿ ಬಿಡುಗಡೆಯಾಗುತ್ತದೆ.